ಲ್ಯಾಬ್ ಎರಡರ ಹದಿನೇಳನೇ ಕಂಪ್ಯೂಟರ್

ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು, ಗುಂಡಿಯ ದೀಪ ಬಿಳಿಯಾಗುವ ಬದಲು ಹಳದಿಯಾಗಿ ಮಿಣುಕತೊಡಗಿತು. ಮೇ ತಿಂಗಳ ಒಂದು ಮಂಗಳವಾರ. ಶಿಡ್ಲಘಟ್ಟದ ನನ್ನ ಕಸೂತಿ ಅಂಗಡಿಯಲ್ಲಿ ಹನ್ನೊಂದು ಶಾಲೆಗಳ ಸಮವಸ್ತ್ರದ ಬ್ಯಾಡ್ಜು ಹೊಲಿಯುವ ಕೆಲಸ ಅವತ್ತೇ ಶುರುವಾಗಬೇಕಿತ್ತು.

ಮಷೀನು ನಡೆಸುವ ಹೆಂಗಸು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಅಕ್ಕಾ, ಇದು ಕಣ್ಣು ಹೊಡೀತಾ ಐತೆ.”

“ನಿನಗೆ ಹೊಡೀತಿರಬೇಕು ಕಣೇ. ನನಗಾದ್ರೆ ಹಲ್ಲು ಕಿಸೀತಾ ಐತೆ,” ಅಂದೆ.

ನನ್ನದು ನಾಲ್ಕು ತಲೆಯ ಹಳೆಯ ಕಸೂತಿ ಮಷೀನು. ಒಂದು ಸಲಕ್ಕೆ ನಾಲ್ಕು ಬ್ಯಾಡ್ಜು ಹೊಲಿಯುತ್ತದೆ. ಅದಕ್ಕೆ ಪೆನ್ ಡ್ರೈವ್ ಗೊತ್ತಿಲ್ಲ, ವೈಫೈ ಗೊತ್ತಿಲ್ಲ. ಹಿಂದುಗಡೆ ಒಂದು ಒಂಬತ್ತು ಪಿನ್ನಿನ ಕೇಬಲ್ಲು, ಅದರ ಇನ್ನೊಂದು ತುದಿ ಈ ಕಂಪ್ಯೂಟರಿಗೆ. ಯಾವ ಬಣ್ಣದ ದಾರ ಎಲ್ಲಿ ಎಷ್ಟು ಹೊಲಿಗೆ ಹಾಕಬೇಕು ಎಂದು ಗುರುತು ಮಾಡುವುದಕ್ಕೆ ನಾವು ಪಂಚಿಂಗ್ ಅನ್ನುತ್ತೇವೆ. ನನ್ನ ಆರು ವರ್ಷದ ಪಂಚಿಂಗ್ ಎಲ್ಲವೂ ಆ ಡಬ್ಬದ ಹಾರ್ಡ್ ಡಿಸ್ಕಿನಲ್ಲಿತ್ತು. ನಕಲು ಪೆನ್ ಡ್ರೈವಿನಲ್ಲಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಫೈಲು ತೆರೆಯುವ ಸಾಫ್ಟ್‌ವೇರು ಈ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದನ್ನು ಹಾಕಿಕೊಟ್ಟ ಮೆಕ್ಯಾನಿಕ್ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ, ಸಿ.ಡಿ.ಯೂ ಅವನ ಜೊತೆಗೇ ಹೋಗಿತ್ತು.

ಬ್ಯಾಡ್ಜಿನ ಕೆಲಸ ಕೊಟ್ಟವರು ಚಿಂತಾಮಣಿಯ ಬಟ್ಟೆ ಅಂಗಡಿಯವರು. ಸುತ್ತಮುತ್ತಲ ಶಾಲೆಗಳಿಗೆಲ್ಲ ಸಮವಸ್ತ್ರ ಕೊಡುವವರು ಅವರೇ. ಶಾಲೆಗೆ ನೂರೈವತ್ತು ಬ್ಯಾಡ್ಜಿನಂತೆ ಮೊದಲ ಕಂತು ಶಾಲೆ ತೆರೆಯುವ ಮುಂಚೆ ಅವರ ಕೈಗೆ ಸೇರಬೇಕು. ಸೇರದಿದ್ದರೆ ಆ ಕೆಲಸ ಬೆಂಗಳೂರಿಗೆ ಹೋಗುತ್ತದೆ. ಒಂದು ವರ್ಷ ಹೋದ ಕೆಲಸ ಮರುವರ್ಷ ತಾನಾಗಿ ತಿರುಗಿ ಬರುವುದಿಲ್ಲ. ನನ್ನ ಅಂಗಡಿ ವರ್ಷವಿಡೀ ಉಸಿರಾಡುವುದು ಈ ಬ್ಯಾಡ್ಜುಗಳಿಂದ.

ಬುಧವಾರ ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಸರ್ವೀಸ್ ಅಂಗಡಿಗೆ ಹೋದೆ. ಆರು ವರ್ಷದ ಹಿಂದೆ ಇದನ್ನು ಸೆಕೆಂಡ್ ಹ್ಯಾಂಡಿನಲ್ಲಿ ನನಗೆ ಮಾರಿದ್ದೂ ಅದೇ ಅಂಗಡಿಯವನು. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಮೊದಲು ರ‍್ಯಾಮ್ ತೆಗೆದು ಬೇರೆ ಹಾಕಿದ. ಹಳದಿ. ಪವರ್ ಸಪ್ಲೈ ಅಳೆದು ನೋಡಿದ, ಅದು ಚೆನ್ನಾಗಿಯೇ ಇತ್ತು. ಪ್ರೊಸೆಸರ್ ಬದಲಿಸಿದ. ಮತ್ತೆ ಹಳದಿ.

“ಮದರ್‌ಬೋರ್ಡ್ ಹೋಯ್ತಕ್ಕ. ಇದನ್ನ ಬಿಸಾಕಿ, ಹೊಸದು ತಗೊಳ್ಳಿ.”

“ಬೋರ್ಡ್ ಹೋದ್ರೆ ಬೋರ್ಡ್ ಹಾಕಪ್ಪ. ಚಪ್ಪಲಿ ಉಂಗುಷ್ಠ ಕಿತ್ತೋದ್ರೆ ಕಾಲು ಬಿಸಾಕ್ತಾರಾ?”

“ಕಂಪನಿ ಕಂಪ್ಯೂಟ್ರು ಅಕ್ಕ ಇದು. ಮಾಮೂಲಿ ಬೋರ್ಡು ಕೂರಲ್ಲ.”

“ಯಾಕೆ ಕೂರಲ್ಲ? ತೋರ್ಸು.”

ನಿಮಗೂ ಹೇಳುತ್ತೇನೆ, ‘ಆಗಲ್ಲ’ ಎಂಬ ಮಾತನ್ನು ಯಾರಿಂದಲೂ ಬರಿಗೈಯಲ್ಲಿ ತೆಗೆದುಕೊಳ್ಳಬೇಡಿ. ಯಾಕೆ ಆಗಲ್ಲ ಎಂಬುದನ್ನು ಬೆರಳಿಟ್ಟು ತೋರಿಸಲು ಹೇಳಿ. ಅವನು ತೋರಿಸಿದ. ಮಾಮೂಲಿ ಬೋರ್ಡಿಗೆ ಕರೆಂಟು ಕೊಡುವ ಪ್ಲಗ್ಗಿನಲ್ಲಿ ಇಪ್ಪತ್ನಾಲ್ಕು ತೂತು, ನನ್ನದರಲ್ಲಿ ಎಂಟೇ. ಡಬ್ಬ ತೆಳು, ಸ್ಕ್ರೂ ಕೂರುವ ಜಾಗವೇ ಬೇರೆ. ಮುಂದಿನ ಗುಂಡಿಯ ವೈರು ಆ ಕಂಪನಿಯದೇ ಪ್ಲಗ್ಗಿಗೆ ಮಾತ್ರ ಹೊಂದುತ್ತದೆ. ಕೊನೆಯದಾಗಿ ನನ್ನ ಡಿಸ್ಕನ್ನು ಅವನ ಮೇಜಿನ ಕಂಪ್ಯೂಟರಿಗೆ ಹಾಕಿ ಚಾಲೂ ಮಾಡಿದ. ಒಂದು ಕ್ಷಣ ನೀಲಿ ಪರದೆ ಬಂತು, ಆರಿಹೋಯಿತು, ಮತ್ತೆ ಮೊದಲಿಂದ ಶುರುವಾಯಿತು, ಮತ್ತೆ ನೀಲಿ.

“ನೋಡಿದ್ರಾ? ಡಿಸ್ಕಿಗೆ ತನ್ನ ಬೋರ್ಡೇ ಬೇಕು. ಮನೆ ಬದಲಾಯ್ತು ಅಂತ ಅದಕ್ಕೆ ಗೊತ್ತಾದ್ರೆ ಏಳಲ್ಲ.”

“ಹಂಗಾದ್ರೆ ಇದೇ ಬೋರ್ಡು ಹುಡುಕಬೇಕು.”

“ಸಿಗಲ್ಲಕ್ಕ.”

“ಅದು ನಿನ್ನ ಮಾತು.”

ಪ್ರೊಸೆಸರ್ ತೆಗೆಯುವುದು, ಕೂರಿಸುವುದು, ಅದು ಕಾಯದಂತೆ ಮೇಲೆ ಪೇಸ್ಟ್ ಹಚ್ಚುವುದು ಹೇಗೆ ಎಂದು ಅವನ ಕೈಯಲ್ಲೇ ಎರಡು ಸಲ ಮಾಡಿಸಿ ನೋಡಿಕೊಂಡು, ಮೂರನೆಯ ಸಲ ನಾನೇ ಮಾಡಿ, ಅದಕ್ಕೆ ಅವನು ಕೇಳಿದ್ದು ಕೊಟ್ಟು ಬಂದೆ. ಕಲಿಸಿದವನ ಹತ್ತಿರ ಚೌಕಾಸಿ ಮಾಡಬಾರದು. ನನಗಿರುವ ನಿಯಮ ಅದೊಂದೇ.

ಆಮೇಲೆ ಮಾಡಿದ್ದು ತಪ್ಪು, ಅದನ್ನೂ ಮುಚ್ಚಿಡುವುದಿಲ್ಲ. ಕಸೂತಿಗೆ ಬರುವ ಮುಂಚೆ ನಾನು ಹದಿನಾಲ್ಕು ವರ್ಷ ರೇಷ್ಮೆಯಲ್ಲಿದ್ದವಳು. ಮೊದಲು ನೂಲು ತೆಗೆದೆ, ಆಮೇಲೆ ಆ ನೂಲಿನ ಘಟಕದ ಯಜಮಾನರ ಪರವಾಗಿ ಮಾರುಕಟ್ಟೆಯಲ್ಲಿ ಗೂಡು ಆರಿಸಿದೆ. ತಟ್ಟೆಯಿಂದ ಒಂದು ಹಿಡಿ ಗೂಡು ತೆಗೆದು, ಬೆಳಕಿಗೆ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಇಡೀ ಲಾಟು, ಅಂದರೆ ಆ ರೈತನ ರಾಶಿ ಪೂರ್ತಿ, ಎಂಥದ್ದೆಂದು ಹೇಳುತ್ತಿದ್ದೆ. ಹೇಳಿದ್ದು ತಪ್ಪಿದ್ದು ಕಡಿಮೆ. ಆ ಗರ್ವ ಕಣ್ಣಿನಲ್ಲೇ ಕೂತಿತ್ತು. ಫೋನಿನಲ್ಲಿ ಹುಡುಕಿದಾಗ ನನ್ನ ಕಂಪ್ಯೂಟರಿನ ಹೆಸರು ಹಾಕಿ ಮಾರುತ್ತಿದ್ದ ಬೋರ್ಡೊಂದು ಕಂಡಿತು. ಫೋಟೋವನ್ನು ದೊಡ್ಡದು ಮಾಡಿ, ನನ್ನ ಬೋರ್ಡಿನ ಪಕ್ಕ ಹಿಡಿದು, ಮೂಲೆ ಮೂಲೆ ಹೋಲಿಸಿದೆ. ಅದೇ ಹಸಿರು, ಅದೇ ಎಂಟು ತೂತು, ಅದೇ ಒಂಬತ್ತು ಪಿನ್ನು. ಇನ್ನೇನು ಬೇಕು? ತರಿಸಿದೆ.

ಬಂದದ್ದು ಸೋಮವಾರ. ಪಾರ್ಸೆಲ್ ಬಿಚ್ಚುವುದನ್ನು ಮಷೀನಿನ ಹೆಂಗಸಿನ ಕೈಯಲ್ಲಿ ವಿಡಿಯೋ ಮಾಡಿಸಿದೆ. ಪ್ರೊಸೆಸರ್ ಇಟ್ಟೆ. ಕೂರಲಿಲ್ಲ. ತಿರುಗಿಸಿ ಇಟ್ಟೆ. ಕೂರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ, ಪ್ರೊಸೆಸರಿನ ಅಂಚಿನಲ್ಲಿರುವ ಕಚ್ಚು ಒಂದು ಜಾಗದಲ್ಲಿ, ಬೋರ್ಡಿನಲ್ಲಿ ಅದಕ್ಕೆ ಸಿಕ್ಕಬೇಕಾದ ಮೊನೆ ಒಂದು ಅಕ್ಕಿಕಾಳಿನಷ್ಟು ಆಚೆ. ಹೆಸರು ಹಾಕಿದ್ದು ನನ್ನ ಕಂಪ್ಯೂಟರಿನದು, ಕಳಿಸಿದ್ದು ಅದರ ಮುಂದಿನ ತಲೆಮಾರಿನದು. ಒತ್ತಿ ಕೂರಿಸಿದ್ದರೆ ಪಿನ್ನುಗಳೆಲ್ಲ ಬಾಗಿ ಎರಡೂ ಹಾಳಾಗುತ್ತಿದ್ದವು.

ಗೂಡನ್ನು ಕಣ್ಣು ಅಳೆಯುತ್ತದೆ, ಏಕೆಂದರೆ ಒಂದು ಗೂಡು ಇನ್ನೊಂದಕ್ಕೆ ಸುಮಾರಾಗಿ ಹೋಲಿದರೆ ಸಾಕು. ಕಾರ್ಖಾನೆಯ ಮಾಲಿಗೆ ಸುಮಾರು ಎಂಬುದಿಲ್ಲ. ನನ್ನ ಕಣ್ಣಿನ ಸೊಕ್ಕಿಗೆ ಐದು ದಿನ ಹೋದವು. ವಿಡಿಯೋ ಇದ್ದುದರಿಂದ ಮಾರಿದವರು ತುಟಿಪಿಟಕ್ಕೆನ್ನದೆ ವಾಪಸ್ ತೆಗೆದುಕೊಂಡರು. ಹಳೆಯ ಬಿಡಿಭಾಗ ತರಿಸುವವರು ವಿಡಿಯೋ ಮಾಡದೆ ಪಾರ್ಸೆಲ್ ಬಿಚ್ಚಬೇಡಿ.

ಮಂಗಳವಾರ ಚಿಂತಾಮಣಿಯವರು ಹೇಳದೆ ಕೇಳದೆ ಬಂದರು. ಸ್ಕೂಟರ್ ನಿಲ್ಲಿಸಿ, ಒಳಗೆ ಬಂದು, ಬಿಚ್ಚಿಟ್ಟ ಕಂಪ್ಯೂಟರನ್ನು ಕಾಲ ತುದಿಯಿಂದ ತೋರಿಸಿದರು.

“ಏಮ್ಮಾ, ಆಪರೇಷನ್ ನಡೀತಾ ಐತಾ? ಪೇಷಂಟ್ ಬದುಕ್ತಾನಾ?”

“ಬದುಕ್ತಾನೆ ಅಣ್ಣಾ. ಕಾಲು ಆಚೆ ತೆಗೀರಿ.”

“ಬೆಂಗಳೂರಲ್ಲಿ ಹನ್ನೆರಡು ತಲೆ ಮಷೀನ್ ಇರೋರು ಒಬ್ರು ಫೋನ್ ಮಾಡಿದ್ರು. ಮೂರೇ ದಿನದಲ್ಲಿ ಕೊಡ್ತೀವಿ ಅಂತಾರೆ. ಪಂಚಿಂಗೂ ಅವರೇ ಮಾಡ್ಕೊಳ್ತಾರಂತೆ.”

ಸುಳ್ಳು ಹೇಳಿ ದಿನ ತಳ್ಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಮೂಲೆಯಿಂದ ಮೂರು ಕಟ್ಟು ತಂದು ಮುಂದಿಟ್ಟೆ. ಹಳೆಯ ಮಷೀನಿಗೂ ಸ್ವಲ್ಪ ನೆನಪು ಇರುತ್ತದೆ. ಕಂಪ್ಯೂಟರಿನಿಂದ ಕೊನೆಯದಾಗಿ ಕಳಿಸಿದ ಮೂರು ಚಿತ್ರ ಅದರಲ್ಲೇ ಉಳಿದಿರುತ್ತವೆ. ನಮ್ಮ ಅದೃಷ್ಟಕ್ಕೆ, ಹಿಂದಿನ ವಾರ ಸ್ಯಾಂಪಲ್ ತೆಗೆದ ಮೂರು ಶಾಲೆಯವೇ ಉಳಿದಿದ್ದವು. ನಾನು ಬಸ್ಸಿನಲ್ಲಿ ಅಲೆಯುತ್ತಿದ್ದಾಗ ಮಷೀನಿನ ಹೆಂಗಸು ಅವನ್ನು ಹೊಲಿದು ಮುಗಿಸಿದ್ದಳು. ಕರೆಂಟು ಹೋದರೆ ನೆನಪೂ ಹೋದೀತೆಂದು ಮಷೀನಿನ ಯು.ಪಿ.ಎಸ್. ಪಕ್ಕವೇ ಕೂತು ಊಟ ಮಾಡಿದ್ದಳು, ಪುಣ್ಯಾತ್ಗಿತ್ತಿ.

ಅವರು ಒಂದು ಬ್ಯಾಡ್ಜು ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಮೂರಾಯ್ತು. ಉಳಿದಿದ್ದು ಎಂಟು?”

“ಮುಂದಿನ ಸೋಮವಾರ ಬನ್ನಿ. ಮಷೀನ್ ಓಡ್ತಿರತ್ತೆ, ಎಂಟರಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಗೆ ಕೊಡ್ತೀನಿ. ಕೊಡದಿದ್ರೆ ನಾನೇ ನಿಮ್ಮ ಎದುರಿಗೇ ಬೆಂಗಳೂರಿಗೆ ಫೋನ್ ಮಾಡ್ತೀನಿ.”

“ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬರ್ತೀನಿ. ಹತ್ತೂವರೆಗಲ್ಲ.”

ಅವರು ಹೋದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಕೂತೆ. ಬೋರ್ಡನ್ನು ಪೂರ್ತಿ ಕಳಚಿ, ಬ್ರಷ್ಷಿನಿಂದ ಧೂಳು ತೆಗೆದು, ಒಂದೊಂದೇ ಅಂಗುಲ ಓದಿದೆ. ರ‍್ಯಾಮಿನ ಪಕ್ಕ, ಅಂಚಿನಲ್ಲಿ, ಬಾರ್‌ಕೋಡಿನ ಸಣ್ಣ ಚೀಟಿ, ಅದರ ಮೇಲೆ ಐದಕ್ಷರದ ನಂಬರು. ಬೋರ್ಡಿನ ನಿಜವಾದ ಹೆಸರು ಅದು. ಡಬ್ಬದ ಮೇಲಿರುವುದು ಮಾರಾಟದ ಹೆಸರು ಅಷ್ಟೇ. ಈ ನಂಬರು ಹಾಕಿ ಫೋನಿನಲ್ಲಿ ಹುಡುಕಿದರೆ ಮಾರುವವರು ಇಬ್ಬರೇ ಸಿಕ್ಕರು, ಇಬ್ಬರದೂ ಬರಲು ಹತ್ತು ದಿನ.

ಆಗ ಡಬ್ಬದ ಹೊರಮೈ ಒರೆಸುತ್ತಿದ್ದ ಮಷೀನಿನ ಹೆಂಗಸು ಕೇಳಿದಳು, “ಅಕ್ಕಾ, ಇದರ ಪಕ್ಕೆ ಮೇಲೆ ಬಿಳೀ ಪೇಂಟಲ್ಲಿ ಏನೋ ಬರೆದೈತಲ್ಲ, ಲ್ಯಾಬ್ ಎರಡು, ಹದಿನೇಳು ಅಂತ. ಏನದು?”

ಆರು ವರ್ಷದಿಂದ ಆ ಬರಹ ನನ್ನ ಕಣ್ಣ ಮುಂದೆಯೇ ಇತ್ತು. ಇದು ಯಾವುದೋ ಕಾಲೇಜಿನ ಕಂಪ್ಯೂಟರ್ ಎಂಬುದೂ ಗೊತ್ತಿತ್ತು. ಹದಿನೇಳನೆಯದು ಇದ್ದಮೇಲೆ ಅದಕ್ಕೆ ಮುಂಚಿನ ಹದಿನಾರು ಇರಲೇಬೇಕಲ್ಲ. ಕಂಪನಿ ಕಂಪ್ಯೂಟರ್ ಒಂಟಿಯಾಗಿ ಹುಟ್ಟುವುದಿಲ್ಲ. ಕಾಲೇಜು, ಕಚೇರಿ, ಬ್ಯಾಂಕಿನವರು ಒಂದೇ ಬಿಲ್ಲಿನಲ್ಲಿ ಮೂವತ್ತು ನಲವತ್ತು ತರಿಸುತ್ತಾರೆ, ಎಲ್ಲದರ ಒಳಗೂ ಒಂದೇ ನಂಬರಿನ ಬೋರ್ಡು. ಗೂಡು ಕೊಳ್ಳುವಾಗ ಲಾಟು ಲಾಟಾಗಿ ಯೋಚಿಸುವವಳು ಇಲ್ಲಿ ಒಂದು ಬಿಡಿ ಬೋರ್ಡಿನ ಹಿಂದೆ ಓಡುತ್ತಿದ್ದೆ. ಬೋರ್ಡು ಹುಡುಕುವುದನ್ನು ಅಲ್ಲಿಗೆ ನಿಲ್ಲಿಸಿದೆ. ಒಡಹುಟ್ಟಿದ ಕಂಪ್ಯೂಟರ್ ಹುಡುಕಬೇಕು, ಡಬ್ಬ ಸಮೇತ.

ಚಿಕ್ಕಬಳ್ಳಾಪುರಕ್ಕೆ ಫೋನ್ ಮಾಡಿದೆ. “ನನಗೆ ಮಾರಿದ್ಯಲ್ಲಪ್ಪಾ, ಅದನ್ನ ಎಲ್ಲಿಂದ ತಂದಿದ್ದೆ?”

“ಇನ್ನೂ ಬಿಸಾಕಿಲ್ವಾ ಅಕ್ಕ ಅದನ್ನ? ಗೌರಿಬಿದನೂರು ಕಡೆ ಒಂದು ಕಾಲೇಜು. ಎರಡೇ ತಂದಿದ್ದೆ.”

“ಉಳಿದಿದ್ದು?”

“ಅಲ್ಲೇ ಇತ್ತು. ವಿಚಾರಿಸಿ ಹೇಳ್ತೀನಿ.”

ವಿಚಾರಿಸಿದ, ಪುಣ್ಯ. ಗುರುವಾರ ಸಂಜೆ ಉತ್ತರ ಬಂತು. ಉಳಿದವನ್ನೆಲ್ಲ ಹೋದ ತಿಂಗಳು ಗೌರಿಬಿದನೂರಿನ ಒಂದು ಗುಜರಿಗೆ ತೂಕದ ಮೇಲೆ ಕೊಟ್ಟಾಗಿತ್ತು.

ಶುಕ್ರವಾರ ಹೊರಟೆ. ಚೀಲದಲ್ಲಿ ನನ್ನ ಪವರ್ ಸಪ್ಲೈ, ರ‍್ಯಾಮ್, ಪೇಸ್ಟಿನ ಟ್ಯೂಬು, ಸ್ಕ್ರೂಡ್ರೈವರ್, ಟಾರ್ಚು. ಪ್ರೊಸೆಸರನ್ನು ಸ್ಪಂಜಿನಲ್ಲಿಟ್ಟು ಸ್ಟೀಲಿನ ಕುಂಕುಮದ ಡಬ್ಬಿಗೆ ಹಾಕಿದ್ದೆ. ಗುಜರಿ ಮುಟ್ಟಿದಾಗ ನಮಾಜಿನ ಹೊತ್ತು, ಗೇಟಿಗೆ ಬೀಗ. ಒಂದು ಗಂಟೆ ಬೇವಿನ ನೆರಳಲ್ಲಿ ಕೂತು, ಗೇಟಿನ ಸಂದಿಯಿಂದ ತಗಡಿನ ಶೆಡ್ಡನ್ನು ನೋಡುತ್ತಿದ್ದೆ. ಹಳೆಯ ಫ್ಯಾನು, ಸೈಕಲ್ಲು, ಅವುಗಳ ಹಿಂದೆ ತೆಳು ಕಪ್ಪು ಡಬ್ಬಗಳ ಒಂದು ಸಾಲು. ಒಂದರ ಪಕ್ಕೆಯಲ್ಲಿ ಬಿಳಿ ಪೇಂಟು.

ಗುಜರಿಯ ಯಜಮಾನರು ವಯಸ್ಸಾದವರು, ಬಿಳಿ ಟೋಪಿ, ನಿಧಾನದ ಮಾತು. ಡಬ್ಬ ಆರೇ ಉಳಿದಿದ್ದವು. ಉಳಿದವುಗಳ ಬೋರ್ಡು ಕಿತ್ತು ಬೇರೆ ಮೂಟೆ ಕಟ್ಟಿ ಕಳಿಸಿಯಾಗಿತ್ತು. ಈ ಆರರಿಂದಲೂ ರ‍್ಯಾಮು, ಡಿಸ್ಕು, ಪ್ರೊಸೆಸರು ಮಾಯ.

“ಸಾಹೇಬ್ರೇ, ಒಂದು ಹಳೇ ಡಬ್ಬ ಬೇಕಿತ್ತು,” ಎಂದೆ, ಬೇಕೋ ಬೇಡವೋ ಎಂಬಂಥ ದನಿಯಲ್ಲಿ.

ಅವರು ಹೇಳಿದ ಬೆಲೆ ಕೇಳಿ ಶೆಡ್ಡಿನ ಮೇಲಿದ್ದ ಕಾಗೆಯೂ ಹಾರಿತು.

“ಇದು ಗುಜರಿನೋ ಷೋರೂಮೋ?”

“ಅಮ್ಮಾ, ಗುಜರಿಗೆ ಬರೋರು ಟಾರ್ಚು, ಸ್ಕ್ರೂಡ್ರೈವರ್ ತರಲ್ಲ. ನೀವು ತಂದಿದೀರ. ಗೇಟ್ ಹೊರಗೆ ನಮಾಜ್ ಮುಗಿಯೋವರ್ಗೂ ಕಾದಿದೀರ. ಅಂದ್ರೆ ನಿಮಗೆ ಬೇಕೇ ಬೇಕು.”

ಸಿಕ್ಕಿಬಿದ್ದೆ. ಚೌಕಾಸಿಯಲ್ಲಿ ಸಿಕ್ಕಿಬಿದ್ದಾಗ ನಾಟಕ ಮುಂದುವರಿಸಬಾರದು, ನಿಜ ಹೇಳಿ ಅದರಿಂದಲೇ ಹಿಡಿತ ಸಾಧಿಸಬೇಕು.

“ಬೇಕು ಸಾಹೇಬ್ರೇ, ಸುಳ್ಳು ಯಾಕೆ? ಆದ್ರೆ ಇದು ಬೇಕಾಗಿರೋಳು ಈ ಜಿಲ್ಲೆಯಲ್ಲಿ ನಾನೊಬ್ಳೇ. ನಾನು ಗೇಟ್ ದಾಟಿದ್ರೆ ಇದು ಮತ್ತೆ ಕಿಲೋ ಲೆಕ್ಕ. ಕಿಲೋಗೆ ಎಷ್ಟು ಬರತ್ತೋ ಅದರ ನಾಲ್ಕರಷ್ಟು ಕೊಡ್ತೀನಿ. ಆದ್ರೆ ಇಲ್ಲೇ ಓಡ್ಸಿ ನೋಡ್ತೀನಿ, ಓಡಿದ್ದಕ್ಕೆ ಮಾತ್ರ ಕಾಸು.”

ಅವರು ಗಡ್ಡ ನೀವಿಕೊಂಡರು. “ಗುಜರಿಲಿ ಯಾರೂ ಓಡ್ಸಿ ನೋಡಲ್ಲಮ್ಮಾ. ಓಡೋದಿದ್ರೆ ಇಲ್ಲಿಗ್ಯಾಕೆ ಬರ್ತಿತ್ತು?”

“ಓಡೋದನ್ನೇ ಜನ ಜಾಸ್ತಿ ಬಿಸಾಕೋದು ಸಾಹೇಬ್ರೇ. ಒಂದು ಪ್ಲಗ್ ಪಾಯಿಂಟ್ ಕೊಡಿ.”

ಕೊಟ್ಟರು. ರಾಶಿಯಿಂದ ಒಂದು ಹಳೆಯ ಮಾನಿಟರನ್ನೂ ಅವರೇ ಎಳೆದು ತಂದರು, ಅವರಿಗೂ ಕುತೂಹಲ. ಮೊದಲು ಆರರ ಚೀಟಿಯ ನಂಬರನ್ನೂ ಟಾರ್ಚಿನಲ್ಲಿ ಓದಿ, ಕೈಯಲ್ಲಿ ಬರೆದುಕೊಂಡಿದ್ದ ನಂಬರಿನ ಜೊತೆ ಅಕ್ಷರ ಅಕ್ಷರ ಸರಿನೋಡಿದೆ. ಆರೂ ಅದೇ. ಮೊದಲನೆಯದರಲ್ಲಿ ಪ್ರೊಸೆಸರ್ ಕೂರುವ ಜಾಗದ ಪಿನ್ನುಗಳು ಬಾಗಿದ್ದವು, ಬದಿಗಿಟ್ಟೆ. ಎರಡನೆಯದು ಮಳೆನೀರು ಕುಡಿದು ಹಸಿರುಗಟ್ಟಿತ್ತು. ಮೂರನೆಯದಕ್ಕೆ ಪ್ರೊಸೆಸರ್, ಪೇಸ್ಟ್, ರ‍್ಯಾಮ್, ಎಂಟು ತೂತಿನ ಪ್ಲಗ್ಗು ಎಲ್ಲ ಹಾಕಿ ಗುಂಡಿ ಒತ್ತಿದೆ. ಹಳದಿ. ಎಲ್ಲ ಬಿಚ್ಚಿ ನಾಲ್ಕನೆಯದಕ್ಕೆ ಹಾಕಿದೆ. ಬೆವರು ಪ್ರೊಸೆಸರಿನ ಮೇಲೆ ಬೀಳದಂತೆ ಸಾಹೇಬರು ಒಂದು ರಟ್ಟಿನಿಂದ ಗಾಳಿ ಬೀಸುತ್ತ ನಿಂತರು.

ದೀಪ ಬಿಳಿಯಾಯಿತು, ಹಾಗೇ ನಿಂತಿತು. ಮಾನಿಟರಿನಲ್ಲಿ ಕಂಪನಿಯ ಗುರುತು ಮೂಡಿತು.

“ಅರೇ, ಬದುಕಿದೆ,” ಅಂದರು ಸಾಹೇಬರು, ಯಾರೋ ನೆಂಟರ ಬಗ್ಗೆ ಹೇಳುವಂತೆ.

ಐದನೆಯದು ಹಳದಿ, ಆರನೆಯದು ಬಿಳಿ. ನಾಲ್ಕು, ಆರು ಎರಡನ್ನೂ ಕೊಂಡೆ. ನೀವೂ ಇಂಥದ್ದಕ್ಕೆ ಹೋದರೆ ಎರಡು ತನ್ನಿ. ಒಂದಕ್ಕೆ ಅಲೆದಷ್ಟೇ ಅಲೆದಾಟ, ಎರಡನೆಯ ಸಲ ಹೋದರೆ ಆ ರಾಶಿ ಅಲ್ಲಿರುವುದಿಲ್ಲ. ನಾಲ್ಕರಷ್ಟು ಅಂದಿದ್ದನ್ನು ಐದರಷ್ಟಕ್ಕೆ ಏರಿಸಿಯೇ ಬಿಟ್ಟರು. ಗಾಳಿ ಬೀಸಿದ್ದಕ್ಕಂತೆ.

ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ನನ್ನ ಡಿಸ್ಕನ್ನು ನಾಲ್ಕನೆಯದಕ್ಕೆ ಕೂರಿಸಿ ಗುಂಡಿ ಒತ್ತಿದೆ. ಬಿಳಿ ದೀಪ, ಕಂಪನಿಯ ಗುರುತು, ಆಮೇಲೆ ಒಂದು ಕ್ಷಣ ನೀಲಿ ಪರದೆ. ಆರಿತು. ಮತ್ತೆ ಮೊದಲಿಂದ. ಮತ್ತೆ ನೀಲಿ.

ಮಷೀನಿನ ಹೆಂಗಸು ಹೋಗಿ ಮಷೀನಿನ ಮುಂದೆ ಕೂತಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಚಿಕ್ಕಬಳ್ಳಾಪುರಕ್ಕೆ ಫೋನ್ ಮಾಡಿದೆ. “ನಾನು ಹೇಳ್ಲಿಲ್ವಾ ಅಕ್ಕ,” ಅಂದ. ನನಗೆ ರೇಗಿತು. ರೇಗಿದಾಗ ನನ್ನ ತಲೆ ಚುರುಕಾಗುತ್ತದೆ. ಬೋರ್ಡಿನ ನಂಬರು ಒಂದೇ, ಪ್ರೊಸೆಸರ್ ನನ್ನದೇ, ರ‍್ಯಾಮ್ ನನ್ನದೇ. ಆದರೂ ಡಿಸ್ಕಿಗೆ ಮನೆ ಬೇರೆ ಅನ್ನಿಸುತ್ತಿದೆ ಎಂದರೆ ಏನೋ ಒಂದು ಬೇರೆ ಇದೆ. ಶುರುವಾಗುವಾಗ ಪರದೆಯ ಮೂಲೆಯಲ್ಲಿ ಕಂಡ ತಾರೀಖು ಎಷ್ಟೋ ವರ್ಷ ಹಿಂದಿನದು.

“ಇದರ ಗಡಿಯಾರ ತಪ್ಪು ತೋರಿಸ್ತೈತೆ ಕಣಪ್ಪ. ಯಾಕೆ?”

“ಒಳಗಿನ ಬಟನ್ ಸೆಲ್ ಸತ್ತಿರತ್ತೆ. ಸೆಲ್ ಸತ್ರೆ ಗಡಿಯಾರ, ಸೆಟ್ಟಿಂಗು ಎಲ್ಲ ಮರೆತು, ಕಂಪನಿ ಕೊಟ್ಟಂಗೆ...” ಅಲ್ಲಿಗೆ ಮಾತು ನಿಲ್ಲಿಸಿದ. “ಅಕ್ಕ, ನಿಮಗೆ ಮಾರೋವಾಗ ಡಿಸ್ಕ್ ಸೆಟ್ಟಿಂಗ್ ನಾನು ಬದಲಾಯಿಸಿದ್ದೆ ಅನ್ಸತ್ತೆ. ಎಫ್ ಟು ಒತ್ತಿ ಒಳಗೆ ಹೋಗಿ. ಸಾಟಾ ಆಪರೇಷನ್ ಅಂತ ಒಂದಿರತ್ತೆ. ರೇಡ್ ಅಂತ ಇದ್ರೆ ಎ.ಎಚ್.ಸಿ.ಐ. ಮಾಡಿ.”

ರೇಡ್ ಅಂತಲೇ ಇತ್ತು. ಬೋರ್ಡು ಡಿಸ್ಕಿನ ಜೊತೆ ಮಾತಾಡುವ ಒಂದು ಭಾಷೆ ಅದು, ನನ್ನ ಡಿಸ್ಕಿಗೆ ಗೊತ್ತಿದ್ದುದು ಇನ್ನೊಂದು. ಬದಲಾಯಿಸಿ, ಉಳಿಸಿ, ಹೊರಗೆ ಬಂದೆ. ಕಂಪನಿಯ ಗುರುತು. ಕಪ್ಪು. ಕಪ್ಪಾಗಿಯೇ ಇತ್ತು. ಆಮೇಲೆ ಪರದೆಯ ತುಂಬ ನನ್ನ ಹಳೆಯ ಹಿನ್ನೆಲೆ ಚಿತ್ರ, ಅದರ ಮೇಲೆ ಕಸೂತಿ ಸಾಫ್ಟ್‌ವೇರಿನ ಗುರುತು, ಒಂದೂ ಜಾಗ ತಪ್ಪದೆ.

“ಫೋನ್ ಇಡಬೇಡ,” ಅಂದೆ ಅವನಿಗೆ. “ಇನ್ನೊಂದು ಸಲ ಹೇಳು, ಬಿಸಾಕಿ ಅಂತ.”

“ಬಿಡಿ ಅಕ್ಕ,” ಅಂದ, ನಗುತ್ತ.

ವಾಚ್ ಅಂಗಡಿಯಿಂದ ಬಟನ್ ಸೆಲ್ ತಂದು ಹಾಕಿ, ಸೆಟ್ಟಿಂಗನ್ನು ಮತ್ತೆ ನೋಡಿ, ಒಂದು ಚೀಟಿಯಲ್ಲಿ ಬರೆದು ಡಬ್ಬದ ಒಳಗೆ ಅಂಟಿಸಿದೆ. ಎರಡನೆಯ ಡಬ್ಬಕ್ಕೆ ಇಡೀ ಡಿಸ್ಕಿನ ನಕಲು ಮಾಡಿಸುವುದನ್ನು ಆಮೇಲೆ ಮಾಡಿದೆ. ಆ ಗಳಿಗೆಯಲ್ಲಿ ಆಗಬೇಕಿದ್ದುದು ಹೊಲಿಗೆ. ನಾಲ್ಕನೆಯ ಶಾಲೆಯ ಬ್ಯಾಡ್ಜು ಕೇಬಲ್ಲಿನಲ್ಲಿ ಹರಿದು ಮಷೀನಿಗೆ ಹೋಯಿತು, ನಾಲ್ಕು ಸೂಜಿಯೂ ಒಟ್ಟಿಗೆ ಇಳಿದವು.

ಶನಿವಾರ ಕತ್ತಲಾಗುವವರೆಗೆ, ಭಾನುವಾರ ಪೂರ್ತಿ ಮಷೀನು ನಿಲ್ಲಲಿಲ್ಲ. ಒಬ್ಬರು ಫ್ರೇಮಿಗೆ ಬಟ್ಟೆ ಬಿಗಿದರೆ ಇನ್ನೊಬ್ಬರು ದಾರ ಕತ್ತರಿಸುವುದು. ಸೋಮವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಸ್ಕೂಟರ್ ಬಂತು. ಮೇಜಿನ ಮೇಲೆ ಐದು ಶಾಲೆಯ ಕಟ್ಟು, ಆರನೆಯದು ಮಷೀನಿನ ಮೇಲೆ ಓಡುತ್ತಿತ್ತು.

ಚಿಂತಾಮಣಿಯವರು ಕಟ್ಟು ಬಿಚ್ಚಲಿಲ್ಲ. ನೇರ ಮಷೀನಿನ ಹತ್ತಿರ ಹೋಗಿ, ಕೈಕಟ್ಟಿ, ಒಂದು ಬ್ಯಾಡ್ಜು ಮುಗಿಯುವವರೆಗೆ ನಿಂತು ನೋಡಿದರು.

“ಹೊಸ ಕಂಪ್ಯೂಟರಾ?”

“ಹಳೇದೇ.”

“ಅದೇ ಸತ್ತೋಗಿತ್ತಲ್ಲಮ್ಮಾ.”

“ಇದು ಅದರ ಅಣ್ಣ.”

ಅವರು ತಲೆಯಾಡಿಸಿದರು. “ಸರಿ, ಉಳಿದ ಮೂರೂ ನೀವೇ ಮಾಡಿ. ಆಟದ ದಿನದ ಟೀ ಷರ್ಟಿನದೂ ಐತೆ, ಅದನ್ನೂ ಕಳಿಸ್ತೀನಿ. ಬೆಂಗಳೂರಿನವರಿಗೆ ಸಂಜೆ ಫೋನ್ ಮಾಡಿ ಬೇಡ ಅಂತೀನಿ.”

“ಸಂಜೆ ಬೇಡ ಅಣ್ಣಾ. ಇಲ್ಲೇ ಮಾಡಿ.”

“ನಂಬಿಕೆ ಇಲ್ವಾ?”

“ಐತೆ. ಆದ್ರೂ ಕೇಳಿಸ್ಕೋಬೇಕು.”

ಅವರು ನನ್ನ ಮುಖ ನೋಡಿದರು, ಮಷೀನಿನ ಹೆಂಗಸಿನ ಮುಖ ನೋಡಿದರು. ಅವಳು ದಾರ ಬದಲಿಸುವ ನೆಪದಲ್ಲಿ ಮಷೀನು ನಿಲ್ಲಿಸಿದ್ದಳು. ಅವರು ಫೋನ್ ತೆಗೆದು ಸ್ಪೀಕರಿಗೆ ಹಾಕಿದರು.

“ಹಲೋ, ಆ ಬ್ಯಾಡ್ಜಿನದು ಬೇಡಪ್ಪ. ಇಲ್ಲ, ರೇಟ್ ಕಮ್ಮಿ ಮಾಡಿದ್ರೂ ಬೇಡ. ಶಿಡ್ಲಘಟ್ಟದಲ್ಲೇ ಆಗ್ತಾ ಐತೆ.”

ಮಷೀನಿನ ಹೆಂಗಸು ಗುಂಡಿ ಒತ್ತಿದಳು.